ಅಟ್ಟದ ಮೇಲಿನ ಕಡತಗಳು

ನಲವತ್ತು ವರ್ಷ ವಕೀಲಿ ಮಾಡಿದವನ ಮನೆಯ ಅಟ್ಟದಲ್ಲಿ ಊರಿನ ಜಗಳಗಳೆಲ್ಲ ದಾರ ಕಟ್ಟಿಸಿಕೊಂಡು ಕುಳಿತಿರುತ್ತವೆ. “ಗೆದ್ದಲು ಹಿಡಿಯುತ್ತಿದೆ, ಸ್ವಾಮಿ, ತೂಕಕ್ಕೆ ಹಾಕಿಬಿಡೋಣ” ಎಂದರು ನನ್ನ ಗುಮಾಸ್ತರು. ಹಾಗೆ ಮಾಡಿದರೆ ನಾಳೆ ಕಡಲೆಕಾಯಿಯ ಪೊಟ್ಟಣದಲ್ಲಿ ಯಾವುದೋ ಮನೆತನದ ಮಾನ ಬೀದಿಗೆ ಬರುತ್ತದೆ!

ಕಾಗದವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು? ಲೆಕ್ಕಕ್ಕೆ ಕಾನೂನಿನ ಆಸರೆಯುಂಟು. ಹಕ್ಕಿನ ಬಲದಿಂದ ಸ್ಥಿರಾಸ್ತಿಯ ಸ್ವಾಧೀನ ಕೇಳಲು 12 ವರ್ಷ, ಅಡವಿಟ್ಟ ಜಮೀನನ್ನು ಬಿಡಿಸಿಕೊಳ್ಳಲು 30 ವರ್ಷ ಎನ್ನುತ್ತದೆ 1963ರ ಕಾಲಮಿತಿಯ ಕಾಯಿದೆ. ಆದರೆ ಗುಟ್ಟಿಗೆ ವಾಯಿದೆಯಿಲ್ಲ. ಕಕ್ಷಿಗಾರನು ನಂಬಿ ಹೇಳಿದ್ದನ್ನು, ಅವನ ಕೆಲಸ ಮುಗಿದ ಮೇಲೂ ವಕೀಲನು ಹೊರಗೆಡಹಬಾರದೆಂದು 1872ರ ಸಾಕ್ಷ್ಯದ ಕಾಯಿದೆ ವಿಧಿಸಿತ್ತು; 2024ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆಯೂ ಅದನ್ನೇ ವಿಧಿಸುತ್ತದೆ.

ಈಚೆಗೆ, ತೀರಿಹೋದ ಕಕ್ಷಿಗಾರರೊಬ್ಬರ ಮಗ ಬಂದರು. “ಅಪ್ಪನ ವಿಭಾಗಪತ್ರ ತಮ್ಮಲ್ಲೇ ಉಳಿದಿದೆಯಂತೆ, ರಾಯರೆ. ಸಾಲಕ್ಕೆ ಬ್ಯಾಂಕಿನವರು ಮೂಲಪತ್ರ ಕೇಳುತ್ತಾರೆ.” ಕಟ್ಟು ಬಿಚ್ಚಿದೆ. ಪತ್ರ ಸಿಕ್ಕಿತು. ಮೂವತ್ತು ವರ್ಷ ದಾಟಿದ ದಸ್ತಾವೇಜು ಸರಿಯಾದವರ ವಶದಿಂದ ಬಂದರೆ, ರುಜು ಹಾಕಿದವರು ಬದುಕಿಲ್ಲದಿದ್ದರೂ ನ್ಯಾಯಾಲಯ ಅದನ್ನು ಸಾಚಾ ಎಂದು ಭಾವಿಸಬಹುದು. ಅಂಥದನ್ನು ತೂಕಕ್ಕೆ ಹಾಕಲಿದ್ದೆವಲ್ಲ!

ಅದರ ಕೆಳಗೆ ನನ್ನದೇ ಅಕ್ಷರದ ಚೀಟಿಯೊಂದಿತ್ತು. ತಾಯಿಯ ಒಡವೆಗಳನ್ನು ಪಾಲಿಗೆ ತೋರಿಸದೆ ತಾವೇ ಇಟ್ಟುಕೊಂಡದ್ದನ್ನು ಅಣ್ಣನಾದ ಆತ ಒಂದು ಸಂಜೆ ಹೇಳಿ ಅತ್ತಿದ್ದರು. “ಮಗನಿಗೂ ತಿಳಿಯಬಾರದು” ಎಂದಿದ್ದರು. ತಮ್ಮನ ಮಕ್ಕಳು ಇದೇ ಊರಿನಲ್ಲಿ ಬಡತನದಲ್ಲಿದ್ದಾರೆ.

ವಿಭಾಗಪತ್ರವನ್ನು ಕೊಟ್ಟು ಕಳಿಸಿದೆ. ಚೀಟಿಯನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡೆ. ಅದನ್ನು ಕೇಳುವ ದಾವೆ ಯಾವುದೂ ಇರಲಿಲ್ಲ; ಇದ್ದಿದ್ದರೆ ಸುಡುವುದು ಅಪರಾಧವೇ ಆಗುತ್ತಿತ್ತು. ಸುಟ್ಟರೆ ಒಂದು ಅನ್ಯಾಯದ ಕಡೆಯ ಸಾಕ್ಷಿಯನ್ನೇ ಸುಟ್ಟಂತಲ್ಲವೆ? ಆದರೆ, ನಾನು ಬಾಯಿಬಿಡುವವನೆಂದು ಬಗೆದಿದ್ದರೆ ಆತ ಹೇಳುತ್ತಲೇ ಇರಲಿಲ್ಲ. ಆ ಸಾಕ್ಷಿ ಹುಟ್ಟಿದ್ದೇ ನಂಬಿಕೆಯಿಂದ. ಅದನ್ನು ನಂಬಿಕೆಯ ವಿರುದ್ಧ ಬಳಸಲು ನಾನು ಯಾರು?

ಮೂರನೆಯ ದಿನ ಚೀಟಿಯನ್ನು ಒಲೆಗೆ ಹಾಕಿದೆ. ಕೊಟ್ಟ ಮಾತಿಗಾಗಿ ಸುಟ್ಟೆನೋ, ಅದು ಕಣ್ಣ ಮುಂದಿರಬಾರದೆಂದು ಸುಟ್ಟೆನೋ, ಈಗಲೂ ಸ್ಪಷ್ಟವಿಲ್ಲ. ತಮ್ಮನ ಮಗ ಎದುರಿಗೆ ಸಿಕ್ಕಿ ಕೈಮುಗಿದಾಗ ಮಾತ್ರ, ಆ ಕಡತ ಇನ್ನೂ ನನ್ನ ವಶದಲ್ಲೇ ಇದೆಯೆನ್ನಿಸುತ್ತದೆ.