ಎರಡು ದಿನದ ಸಿಟ್ಟು, ಇಪ್ಪತ್ತು ತಿಂಗಳ ಲೆಕ್ಕ

2016ರ ಏಪ್ರಿಲ್ 18ರ ಸೋಮವಾರ ಬೆಂಗಳೂರಿನ ಹೊಸೂರು ರಸ್ತೆಗಿಳಿದ ಗಾರ್ಮೆಂಟ್ಸ್ ಹೆಂಗಸರನ್ನು ಯಾವ ಸಂಘವೂ ಕರೆದಿರಲಿಲ್ಲ. ಕರಪತ್ರ ಹಂಚಿದವರಿಲ್ಲ, ಮೈಕು ಕಟ್ಟಿದವರಿಲ್ಲ, ಮುಂದೆ ನಿಂತು ಘೋಷಣೆ ಕೂಗಿಸುವ ಮುಖಂಡರಿಲ್ಲ. ಬೊಮ್ಮನಹಳ್ಳಿಯಲ್ಲಿ ಒಂದು ಕಾರ್ಖಾನೆಯವರು ಹೊರಬಂದರು. ಅವರನ್ನು ಕಂಡು ಪಕ್ಕದವರು, ಪಕ್ಕದವರನ್ನು ಕಂಡು ಎದುರಿನವರು. ಮರುದಿನ ತುಮಕೂರು ರಸ್ತೆಯ ಕಡೆಗೂ ಅದು ಹಬ್ಬಿತು. ಕಾರಣ ಒಂದೇ. ಕೆಲಸ ಬಿಟ್ಟವರು ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಹೊರಡಿಸಿದ್ದ ಅಧಿಸೂಚನೆ. ಕಲ್ಲು ತೂರಾಟವಾಯಿತು, ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಹೆಬ್ಬಗೋಡಿಯಲ್ಲಿ ವಾಹನಗಳು ಉರಿದವು. 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ರದ್ದು ಎಂದು ಘೋಷಿಸಿದರು.

ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಆ ಎರಡು ದಿನ ಸುಳ್ಳಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಒಂದು ನಿಯಮವನ್ನು ತಿಂಗಳಿಗೆ ಏಳೆಂಟು ಸಾವಿರ ದುಡಿಯುವ ಹೆಂಗಸರು ಹಿಂದಕ್ಕೆ ತಳ್ಳಿದ್ದರು. ಆಗ ಹಲವರು ಒಂದು ತೀರ್ಮಾನಕ್ಕೂ ಬಂದರು: ಕಾರ್ಮಿಕ ಸಂಘಗಳ ಕಾಲ ಮುಗಿಯಿತು, ಇನ್ನು ಮುಂದೆ ಜನ ತಾವೇ ಎದ್ದು ನಿಲ್ಲುತ್ತಾರೆ, ನಡುವೆ ಮುಖಂಡರೇಕೆ, ಚಂದಾ ರಸೀದಿ ಏಕೆ? ಈ ಮಾತನ್ನು ಮಾಲೀಕರ ಪರ ಇರುವವರೂ ಆಡಿದರು, ಕ್ರಾಂತಿಯ ಕನಸಿನವರೂ ಆಡಿದರು. ಇಬ್ಬರೂ ತಪ್ಪು ಮಾಡಿದರೆಂದು ನಾನು ನಂಬುತ್ತೇನೆ. ಹಾಗೆ ನಂಬಲು ಒಂದು ಸಂಬಳದ ಚೀಟಿ ಕಾರಣ.

ನಮ್ಮ ಬೀದಿಯ ಹಿಂದಿನ ಸಾಲಿನಲ್ಲಿ ಬಾಡಿಗೆಗಿರುವ ಅಕ್ಕ ಒಬ್ಬರು ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ಟೈಲರ್. 2021ರಲ್ಲಿ ಮಗನ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿಕೊಳ್ಳಲು ಬಂದಾಗ ಪರ್ಸಿನಿಂದ ಅಂಗೈಯಗಲದ ಕಾಗದವೊಂದನ್ನು ಬಿಡಿಸಿ ಕೊಟ್ಟರು. ನಾಲ್ಕು ಮಡಿಕೆ, ಮಡಿಕೆಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಬೇಸಿಕ್, ಡಿಎ, ಪಿಎಫ್, ಇಎಸ್‌ಐ ಎಂದು ಸಾಲಾಗಿ ಕಾಲಂಗಳು. ಅವರ ಬೆರಳು ಬೇಸಿಕ್ ಮತ್ತು ಕೈಗೆ ಬರುವ ಮೊತ್ತದ ಮೇಲೆ ಮಾತ್ರ ಓಡಾಡುತ್ತಿತ್ತು. ಡಿಎ ಕಾಲಂ ಅವರಿಗೆ ಬರೀ ಒಂದು ಅಂಕಿ. ನನ್ನ ಕಣ್ಣು ನಿಂತದ್ದು ಅಲ್ಲಿ. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಕೋವಿಡ್ ಹೆಸರಿನಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತ್ತು, ಆ ಆದೇಶಕ್ಕೆ ಹೈಕೋರ್ಟು 2020ರ ಸೆಪ್ಟೆಂಬರಿನಲ್ಲಿ ತಡೆ ಕೊಟ್ಟಿತ್ತು. ಚೀಟಿಯಲ್ಲಿ ಮಾತ್ರ ಹಳೆಯ ಅಂಕಿಯೇ ಇತ್ತು.

“ಇದನ್ನ ಕೇಳಿದ್ರಾ ಅಕ್ಕಾ?”

“ಯಾರನ್ನ ಕೇಳೋದು ಸರ್? ಸೂಪರ್‌ವೈಸರ್‌ನ ಕೇಳಿದ್ರೆ ಎಚ್‌ಆರ್‌ನ ಕೇಳು ಅಂತಾನೆ. ಎಚ್‌ಆರ್ ಹತ್ರ ಹೋದ್ರೆ ಲೈನ್ ಬಿಟ್ಟು ಯಾಕ್ ಬಂದೆ ಅಂತಾರೆ.”

“ಪಿಎಫ್ ಗಲಾಟೆ ದಿನ ರೋಡಿಗೆ ಇಳಿದಿದ್ರಲ್ಲ?”

“ಅದು ನಮ್ ದುಡ್ಡು, ಹೋಗತ್ತೆ ಅಂತ ಎಲ್ರಿಗೂ ಒಟ್ಟಿಗೆ ಗೊತ್ತಾಯ್ತು. ಇದು ಹಂಗಲ್ಲ ಸರ್. ಬರಬೇಕಿತ್ತು ಅಂತ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.”

ಈ ಮಾತಿನ ಮುಂದೆ ನಾನು ಓದಿದ ಅರ್ಥಶಾಸ್ತ್ರವೆಲ್ಲ ಸಣ್ಣದಾಯಿತು. ಕೈಯಲ್ಲಿರುವುದನ್ನು ಕಿತ್ತುಕೊಂಡರೆ ಸಿಟ್ಟು ತಾನಾಗಿ ಬರುತ್ತದೆ, ಎಲ್ಲರಿಗೂ ಒಂದೇ ದಿನ ಬರುತ್ತದೆ. ಬರಬೇಕಾದದ್ದು ಬಾರದೇ ಹೋದರೆ ಹಾಗಾಗುವುದಿಲ್ಲ. ಯಾರೋ ಒಬ್ಬರು ಅಧಿಸೂಚನೆ ಓದಬೇಕು, ಹಳೆಯ ಚೀಟಿ ಹೊಸ ಚೀಟಿ ಹೋಲಿಸಬೇಕು, ಮನವಿ ಬರೆಯಬೇಕು, ಕಾರ್ಮಿಕ ಇಲಾಖೆಗೆ ಅಲೆಯಬೇಕು, ಕೋರ್ಟಿಗೆ ಹೋಗಬೇಕು, ವಾಯಿದೆ ಬಿದ್ದ ದಿನ ಮತ್ತೆ ಹೋಗಬೇಕು. ಆ ಯಾರೋ ಒಬ್ಬರು ದಿನಕ್ಕೆ ಎಂಟು ಗಂಟೆ ಕಾಲರ್ ಹೊಲಿಯುವ ಹೆಂಗಸಾಗಿರಲು ಸಾಧ್ಯವಿಲ್ಲ. 4 ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರಿಗೆ ಸೇರಬೇಕಿದ್ದ ಆ 417 ರೂಪಾಯಿಯ ಬೆನ್ನು ಹತ್ತಿದ್ದು ಸಂಘಗಳು. ಇಲ್ಲಿನ ಚಿಕ್ಕ ಸಂಘಗಳು ಲೆಕ್ಕ ಇಟ್ಟವು, ವಿದೇಶದ ಕಾರ್ಮಿಕ ಹಕ್ಕುಗಳ ಸಂಸ್ಥೆಗಳು ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳ ಮೇಲೆ ಒತ್ತಡ ತಂದವು. ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಶುರುಮಾಡಿದ್ದು 2022ರ ಆರಂಭದಲ್ಲಿ. ಇಪ್ಪತ್ತು ತಿಂಗಳಿಗೇ ಲೆಕ್ಕ ಹಾಕಿದರೂ ಒಬ್ಬೊಬ್ಬರಿಗೆ 8,340 ರೂಪಾಯಿ. ಒಂದು ಮಗುವಿನ ಶಾಲೆ ಫೀಸು, ಅಥವಾ ಬಡ್ಡಿಯವನಿಂದ ಬಿಡಿಸಿಕೊಳ್ಳಬೇಕಾದ ಓಲೆ.

ಆದ್ದರಿಂದ ಸಂಘ ಎಂದರೆ ಮುಷ್ಕರ ಎಂದು ತಿಳಿಯುವುದು ತಪ್ಪು. ಅದರ ದೊಡ್ಡ ಕೆಲಸ ನೆನಪಿಟ್ಟುಕೊಳ್ಳುವುದು. ಸಿಟ್ಟು ಆರಿದ ಮೇಲೂ ಕಡತ ಹಿಡಿದು ಕಾದು ಕೂರುವುದು.

ಇದರ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಕೆಲಸ ಕೊಡುವವನೂ ಕೆಲಸ ಮಾಡುವವಳೂ ಇಬ್ಬರೂ ಒಪ್ಪಿಯೇ ಕರಾರಿಗೆ ಬಂದಿರುತ್ತಾರೆ, ಬೇಡವಾದರೆ ಬಿಟ್ಟುಹೋಗಬಹುದು, ನಡುವೆ ಮೂರನೆಯವರು ಏಕೆ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಲ್ಲೆ ಎನ್ನಲು ಸಾಧ್ಯವಿದ್ದಾಗ. ಮಾರುಕಟ್ಟೆಯ ಪರವಾಗಿ ಮಾತಾಡುವವರೆಲ್ಲ ಹೆಸರು ಹೇಳುವ ಆಡಂ ಸ್ಮಿತ್ 1776ರಲ್ಲೇ ಇದನ್ನು ಗಮನಿಸಿದ್ದ. ಮಾಲೀಕರು ಸದ್ದಿಲ್ಲದೆ ಸದಾ ಒಟ್ಟಾಗಿಯೇ ಇರುತ್ತಾರೆ, ಜಗಳ ಬಿದ್ದರೆ ಅವರು ಒಂದೆರಡು ವರ್ಷ ತಾಳಬಲ್ಲರು, ಕೂಲಿಯವರಲ್ಲಿ ಹಲವರಿಗೆ ಒಂದು ವಾರವೂ ಕಷ್ಟ ಎಂದು ಬರೆದಿದ್ದಾನೆ. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಕೈಗಾರಿಕಾ ವಿವಾದ ಮಸೂದೆಯನ್ನು ವಿರೋಧಿಸುತ್ತ ಅಂಬೇಡ್ಕರ್ ವಾದವನ್ನು ಇನ್ನೂ ಆಳಕ್ಕೆ ಒಯ್ದರು. ಕೆಲಸ ನಿಲ್ಲಿಸುವುದು ಹೆಚ್ಚೆಂದರೆ ಕರಾರು ಮುರಿದಂತೆ, ಅಪರಾಧವಲ್ಲ. ಅದಕ್ಕೆ ಶಿಕ್ಷೆ ಕೊಡುವುದೆಂದರೆ ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ದುಡಿಸುವುದು, ಗುಲಾಮನನ್ನಾಗಿ ಮಾಡುವುದು ಎಂದರು. ಮುಷ್ಕರದ ಹಕ್ಕು ಅವರಿಗೆ ಸ್ವಾತಂತ್ರ್ಯದ ಇನ್ನೊಂದು ಹೆಸರಾಗಿತ್ತು.

ಒಲ್ಲೆ ಎನ್ನಲಾಗದಿದ್ದರೆ ಏನಾಗುತ್ತದೆ ಎನ್ನುವುದನ್ನು ಬಾಂಗ್ಲಾದೇಶ ಕಂಡಿದೆ. ಢಾಕಾ ಬಳಿಯ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಕಟ್ಟಡದ ಗೋಡೆಯಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಾಣಿಸಿತು. ಕೆಳಗಿನ ಮಹಡಿಯ ಬ್ಯಾಂಕು ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತು, ಅಂಗಡಿಗಳು ಬಾಗಿಲು ಹಾಕಿದವು. ಮರುದಿನ ಬೆಳಿಗ್ಗೆ ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಒಳಗೆ ಕರೆಸಿಕೊಂಡರು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಅವರಿಗೂ ಕಂಡಿತ್ತು. ಒಳಗೆ ಹೋಗದಿದ್ದರೆ ಆ ತಿಂಗಳ ಸಂಬಳ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಅಲ್ಲಿನ ಒಂದು ಕಾರ್ಖಾನೆಯಲ್ಲೂ ಸಂಘ ಇರಲಿಲ್ಲ. ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತ ಸಾವಿರಾರು ಜನರ ಪರವಾಗಿ ‘ಇವತ್ತು ನಾವು ಒಳಗೆ ಹೋಗುವುದಿಲ್ಲ’ ಎಂದು ಹೇಳುವವರು ಇರಲಿಲ್ಲ. ಸಂಘ ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉತ್ತರ ಇದೇ.

ಅದೇ ಉತ್ತರದಲ್ಲಿ ಇನ್ನೊಂದು ಆಕ್ಷೇಪಕ್ಕೂ ದಾರಿಯಿದೆ. ಕೂಲಿ ಹೆಚ್ಚಿಸಿ ಎಂದು ಗಟ್ಟಿಯಾಗಿ ಕೇಳಿದರೆ ಆರ್ಡರು ಬೇರೆ ದೇಶಕ್ಕೆ ಹೋಗುತ್ತದೆ, ಇರುವ ಕೆಲಸವೂ ಹೋಗುತ್ತದೆ ಎನ್ನುತ್ತಾರೆ. ಇದು ಬರೀ ಬೆದರಿಕೆಯಲ್ಲ, ನಿಜದ ಅಂಶವಿದೆ. ಇವತ್ತು ಗಾರ್ಮೆಂಟ್ಸ್ ಕಾರ್ಖಾನೆಯ ಮಾಲೀಕನೂ ಒಂದರ್ಥದಲ್ಲಿ ಗುತ್ತಿಗೆದಾರನೇ. ಅಂಗಿಯ ದರ ಗೊತ್ತುಮಾಡುವವನು ಯುರೋಪು, ಅಮೆರಿಕಗಳಲ್ಲಿ ಕೂತಿದ್ದಾನೆ. ಆದರೆ ಅದಕ್ಕೆ ಪರಿಹಾರ ಕೇಳುವುದನ್ನು ನಿಲ್ಲಿಸುವುದಲ್ಲ, ದರ ಕಟ್ಟುವವನನ್ನೂ ಮಾತುಕತೆಯ ಮೇಜಿಗೆ ಎಳೆಯುವುದು. ರಾಣಾ ಪ್ಲಾಜಾ ಕುಸಿದ ತಿಂಗಳೊಳಗೆ ಜಾಗತಿಕ ಕಾರ್ಮಿಕ ಒಕ್ಕೂಟಗಳು ದೊಡ್ಡ ಬ್ರ್ಯಾಂಡ್‌ಗಳಿಂದ ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿಸಿದವು, ಅದು ಕಾನೂನಿನಡಿ ಜಾರಿ ಮಾಡಬಹುದಾದ ಒಪ್ಪಂದ. ಒಂದು ಊರಿನ ಒಂದು ಸಂಘದಿಂದ ಆಗದ್ದು ದೇಶದಾಚೆಗೂ ಕೈ ಜೋಡಿಸಿದಾಗ ಆಯಿತು.

ಸಂಘಗಳನ್ನು ಇಷ್ಟು ಹೊಗಳಿದ ಮೇಲೆ ಅವುಗಳ ತಪ್ಪನ್ನು ಹೇಳದೆ ಬಿಟ್ಟರೆ ಅದು ಅಪ್ರಾಮಾಣಿಕತೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕೆಲಸಗಾರರು 1980ರ ಕೊನೆಯಲ್ಲಿ ಮುಷ್ಕರಕ್ಕಿಳಿದು 77 ದಿನ ಗಟ್ಟಿಯಾಗಿ ನಿಂತರು. ಕರ್ನಾಟಕದಲ್ಲಿ ಅಂಥ ಒಗ್ಗಟ್ಟು ಮತ್ತೆ ಕಂಡಿಲ್ಲ. ಆದರೂ ಕೇಳಿದ್ದು ಸಿಗದೆ ಒಳಗೆ ಹೋದರು. ಆಮೇಲಿನ ವರ್ಷಗಳಲ್ಲಿ ಕಾರ್ಖಾನೆಗಳೊಳಗೆ ಗುತ್ತಿಗೆ ಕೆಲಸಗಾರರು ಹೆಚ್ಚುತ್ತ ಹೋದರು. ಅದೇ ಯಂತ್ರ, ಅದೇ ಪಾಳಿ, ಕೂಲಿ ಮಾತ್ರ ಕಡಿಮೆ. ಖಾಯಂ ಕೆಲಸಗಾರರ ಬಹಳಷ್ಟು ಸಂಘಗಳು ಅವರನ್ನು ತಮ್ಮವರೆಂದು ಕರೆಯಲಿಲ್ಲ. ಸದಸ್ಯತ್ವದ ಪುಸ್ತಕದಲ್ಲಿ ಅವರಿಗೆ ಜಾಗ ಇರಲಿಲ್ಲ, ಕ್ಯಾಂಟೀನಿನಲ್ಲಿ ಕೆಲವು ಕಡೆ ಬೆಂಚೂ ಬೇರೆ. ಗಾರ್ಮೆಂಟ್ಸ್ ಹೆಂಗಸರ ಕಡೆಗಂತೂ ದೊಡ್ಡ ಸಂಘಗಳು ಬಹುಕಾಲ ತಿರುಗಿಯೂ ನೋಡಲಿಲ್ಲ. ಸಭೆ ಇಟ್ಟರೆ ರಾತ್ರಿ ಎಂಟಕ್ಕೆ. ಆ ಹೊತ್ತಿಗೆ ಅವರು ಮನೆಯಲ್ಲಿ ಅನ್ನಕ್ಕೆ ಇಟ್ಟಿರುತ್ತಾರೆ. 2016ರಲ್ಲಿ ಅವರು ಯಾರನ್ನೂ ಕೇಳದೆ ರಸ್ತೆಗಿಳಿದರೆಂದರೆ, ಕೇಳಲು ಅವರಿಗೆ ಯಾರೂ ಇರಲಿಲ್ಲ ಎಂಬುದೂ ಅದರ ಅರ್ಥ. ಸಂಘದ ಕಾಲ ಮುಗಿಯಿತೆಂದು ಅದನ್ನು ಓದುವುದಕ್ಕಿಂತ, ಸಂಘ ತಲುಪಬೇಕಾದ ಕಡೆ ತಲುಪಿರಲಿಲ್ಲ ಎಂದು ಓದುವುದು ಸರಿ.

ಈಗ ಆ ತಲುಪದ ಜಾಗಕ್ಕೆ ಹೊಸಬರು ಸೇರಿದ್ದಾರೆ. ಊಟ ತಂದುಕೊಡುವ ಹುಡುಗನನ್ನು ಕಂಪನಿ ಪಾರ್ಟ್‌ನರ್ ಎನ್ನುತ್ತದೆ. ಐಡಿ ಬ್ಲಾಕ್ ಆದ ದಿನ ಆ ಪಾರ್ಟ್‌ನರ್‌ಗೆ ಜಗಳ ಆಡಲು ಒಂದು ಮುಖವೂ ಸಿಗುವುದಿಲ್ಲ, ಆ್ಯಪಿನ ಚಾಟ್ ಮಾತ್ರ ಸಿಗುತ್ತದೆ. ಕರ್ನಾಟಕ 2025ರಲ್ಲಿ ಇವರಿಗಾಗಿ ಕಾನೂನು ಮಾಡಿದ್ದು ಸಣ್ಣ ಮಾತಲ್ಲ. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಒಂದು ಕಲ್ಯಾಣ ಮಂಡಳಿ, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸು ಮತ್ತು ಕಾರಣ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಕಲ್ಯಾಣ ಬೇರೆ, ಚೌಕಾಸಿ ಬೇರೆ. ಅಪಘಾತಕ್ಕೆ ವಿಮೆ ಮಂಡಳಿ ಕೊಟ್ಟೀತು. ಒಂದು ಡೆಲಿವರಿಗೆ ಎಷ್ಟು ಎಂಬುದನ್ನು ಎದುರು ಕೂತು ಗೊತ್ತುಮಾಡುವ ಹಕ್ಕನ್ನು ಯಾವ ಮಂಡಳಿಯೂ ಕೊಡಲಾರದು. ಅದನ್ನು ಅವರೇ ಕೂಡಿ ಪಡೆಯಬೇಕು.

ಕೂಡುವ ದಾರಿಯೋ ಕಿರಿದಾಗುತ್ತಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕೈಗಾರಿಕೆಯಲ್ಲಾದರೂ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರ. ಕಾನೂನುಬಾಹಿರ ಮುಷ್ಕರಕ್ಕೆ ಜೈಲೂ ಉಂಟು. ಹಲವು ಸಂಘಗಳಿರುವ ಕಡೆ ಏಕೈಕ ಸಂಧಾನಕಾರ ಎನಿಸಿಕೊಳ್ಳಲು ಶೇ. 51 ಸದಸ್ಯರು ಬೇಕು. ಜನ ಬದಲಾಗುತ್ತಲೇ ಇರುವ ಗಾರ್ಮೆಂಟ್ಸ್ ಫ್ಲೋರಿನಲ್ಲಿ ಅಷ್ಟು ಜನರನ್ನು ಹಿಡಿದಿಡುವುದು ಎಷ್ಟು ಕಷ್ಟ ಎನ್ನುವುದನ್ನು ಅಲ್ಲಿ ದುಡಿದವರೇ ಬಲ್ಲರು. ಹೊರಹೋಗುವ ದಾರಿಗಳನ್ನೆಲ್ಲ ಮುಚ್ಚಿದರೆ ಸಿಟ್ಟು ಮತ್ತೆ ಹೊಸೂರು ರಸ್ತೆಗೇ ಬರುತ್ತದೆ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಮೊಬೈಲ್ ಕಾರ್ಖಾನೆಯ ಗಾಜುಗಳನ್ನು ಒಡೆದವರಲ್ಲಿ ಹೆಚ್ಚಿನವರು ಸಂಬಳ ಸರಿಯಾಗಿ ಬಾರದ ಗುತ್ತಿಗೆ ಹುಡುಗರು. ಮಾತಾಡಲು ಒಂದು ಸಂಘವಿದ್ದಿದ್ದರೆ ಆ ಗಾಜುಗಳು ಉಳಿಯುತ್ತಿದ್ದವು, ಆ ಹುಡುಗರ ಮೇಲಿನ ಕೇಸುಗಳೂ ಇರುತ್ತಿರಲಿಲ್ಲ ಎಂದು ಮಾಲೀಕರಿಗೇ ಅನ್ನಿಸಬೇಕಿತ್ತು.

ಈ ಬರಹ ಓದುತ್ತಿರುವವರಲ್ಲಿ ಸಂಘದ ಸದಸ್ಯರು ಇದ್ದೇ ಇರುತ್ತೀರಿ: ಬ್ಯಾಂಕಿನವರು, ಸಾರಿಗೆಯವರು, ವಿಮೆಯವರು, ಮೇಷ್ಟರುಗಳು, ಈಚೆಗೆ ಐಟಿಯವರೂ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಚೇರಿಯ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರು, ನೆಲ ಒರೆಸುವ ಅಮ್ಮ, ಕ್ಯಾಂಟೀನಿನ ಹುಡುಗ ಇವರ ಸಂಬಳದ ಚೀಟಿಯನ್ನು ಒಮ್ಮೆ ಕೇಳಿ ನೋಡಿ. ಡಿಎ ಕಾಲಂ ಓದಿ ಹೇಳಿ. ಮುಂದಿನ ಸಭೆಯಲ್ಲಿ ಅವರಿಗೂ ಸದಸ್ಯತ್ವ ಕೊಡಿ, ಸಭೆಯನ್ನು ಅವರು ಬರಲಾಗುವ ಹೊತ್ತಿಗೆ ಇಡಿ.