ಅಕ್ಕನ ಕೆನ್ನೆ

ಕಳೆದ ತಿಂಗಳು ಅಕ್ಕನ ಜೊತೆ ಬೆಂಗಳೂರಿನ ಒಂದು ಚರ್ಮದ ಕ್ಲಿನಿಕ್ಕಿಗೆ ಹೋಗಿದ್ದೆ. ಅವಳಿಗೀಗ 41 ವರ್ಷ. ಕೆನ್ನೆಗೆ ಫಿಲ್ಲರ್ ಹಾಕಿಸಿಕೊಳ್ಳುವ ಯೋಚನೆ ಇದೆ ಎಂದು ಅವಳು ಹೇಳಿದ್ದು ಆಟೋ ಹತ್ತಿದ ಮೇಲೆ. ನನಗೆ ಸಿಟ್ಟು ಬಂತು. "ನಿನಗ್ಯಾಕೆ ಅದೆಲ್ಲ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕನ್ನಡಿ ನೋಡಿದ್ರೆ ಅಮ್ಮನ ಕೊನೇ ತಿಂಗಳು ಕಾಣತ್ತೆ ಕಣೆ" ಎಂದಳು.

ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡು ಆರು ವರ್ಷವಾಯಿತು. ಕೊನೆಕೊನೆಗೆ ಕೆನ್ನೆ ಪೂರ್ತಿ ಒಳಗೆ ಹೋಗಿ ಮೂಳೆ ಎದ್ದು ಕಾಣುತ್ತಿತ್ತು. ಅಕ್ಕ ಅಮ್ಮನ ಪಡಿಯಚ್ಚು. ವಯಸ್ಸಾದಂತೆ ಅವಳ ಕೆನ್ನೆಯೂ ಇಳಿಯುತ್ತಿದೆ. ನನಗಾದರೋ ಅದೇ ಇಷ್ಟ. ಅಡುಗೆಮನೆಯಲ್ಲಿ ಅವಳು ತಟ್ಟನೆ ಈ ಕಡೆ ತಿರುಗಿದಾಗ ಒಂದು ಕ್ಷಣ ಅಮ್ಮನೇ ನಿಂತ ಹಾಗಾಗುತ್ತದೆ. ಒಂದೇ ಮುಖದಲ್ಲಿ ಅವಳಿಗೆ ರೋಗ ಕಾಣುತ್ತಿತ್ತು, ನನಗೆ ಅಮ್ಮ ಕಾಣುತ್ತಿದ್ದಳು. ಹಾಗಾದರೆ ಆಟೋದಲ್ಲಿ ಬಂದ ಆ ಸಿಟ್ಟು ನೀತಿಯದೋ, ನನ್ನ ಸ್ವಾರ್ಥದ್ದೋ? ಈ ಬರಹ ಹುಟ್ಟಿದ್ದು ಆ ಅನುಮಾನದಿಂದ.

ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಫಿಲ್ಲರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಯಾಲುರಾನಿಕ್ ಆಮ್ಲದ ಜೆಲ್. ಇದು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನೊಳಗೆ ಇರುವ ವಸ್ತುವೇ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಹೆಸರಿನ ಮೂಲ ಗಾಜು ಎಂಬರ್ಥದ ಗ್ರೀಕ್ ಪದ. ಕೆನ್ನೆಗೆ ಸ್ವಲ್ಪ ಗಟ್ಟಿ ಜೆಲ್ ಬೇಕು, ಇಲ್ಲದಿದ್ದರೆ ಮೇಲಿನ ಚರ್ಮವನ್ನು ಎತ್ತಿ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವರ್ಷ ಉಳಿಯುತ್ತದೆ. ಬೇಡವೆನಿಸಿದರೆ ಹಯಾಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಇನ್ನೊಂದು, ಮೂಳೆಯಲ್ಲಿರುವ ಖನಿಜದಂಥದೇ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್. ಮತ್ತೊಂದು, ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ. ಇದು ತಾನಾಗಿ ತುಂಬುವುದಿಲ್ಲ, ದೇಹವೇ ಕೊಲಾಜೆನ್ ಬೆಳೆಸಿಕೊಳ್ಳುವಂತೆ ತಿಂಗಳುಗಟ್ಟಲೆ ಪ್ರಚೋದಿಸುತ್ತದೆ. ಈ ಎರಡನ್ನು ಆ ಕಿಣ್ವ ಕರಗಿಸುವುದಿಲ್ಲ.

ಚುಚ್ಚುವ ಬಗೆಯೂ ಒಂದೇ ಅಲ್ಲ. ತೆಳು ಸೂಜಿಯನ್ನು ನೇರ ಕೆನ್ನೆಮೂಳೆಯವರೆಗೆ ಇಳಿಸಿ ಅಲ್ಲಿ ಸಣ್ಣ ಸಣ್ಣ ಗುಪ್ಪೆಯಾಗಿ ಇಡುವುದು ಒಂದು. ತುದಿ ಮೊಂಡಾದ ಕ್ಯಾನುಲಾವನ್ನು ಒಂದೇ ರಂಧ್ರದಿಂದ ಒಳತಳ್ಳಿ, ಹಿಂದೆ ಎಳೆಯುತ್ತ ಎಳೆಎಳೆಯಾಗಿ ಹರಡುವುದು ಇನ್ನೊಂದು. ಸೂಜಿ ಗುರಿ ತಪ್ಪುವುದು ಕಡಿಮೆ. ಕ್ಯಾನುಲಾ ರಕ್ತನಾಳಕ್ಕೆ ಚುಚ್ಚಿಕೊಳ್ಳುವುದು ಕಡಿಮೆ. ಜೆಲ್ ರಕ್ತನಾಳದೊಳಗೆ ಹೋದರೆ ಅಲ್ಲಿನ ಚರ್ಮ ಸಾಯಬಹುದು. ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕವಿರುವುದರಿಂದ, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಒಂದು ಸಿರಿಂಜಿನಲ್ಲಿ ಇರುವುದು ಸಾಮಾನ್ಯವಾಗಿ 1 ಮಿಲಿಲೀಟರ್, ಟೀ ಚಮಚದ ಐದನೇ ಒಂದು ಭಾಗ. ಅದನ್ನೇ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹಾಕಬೇಕು.

ಕೇಳುತ್ತಾ ಕೂತಾಗ ಅನಿಸಿದ್ದು, ಇದು ಬರೀ ವೈದ್ಯಕೀಯದ ಆಯ್ಕೆಯಲ್ಲ. ಇಂದಿನ ನಾನು ನಾಳಿನ ನನ್ನ ಮೇಲೆ ಎಷ್ಟು ಅಧಿಕಾರ ಚಲಾಯಿಸಬಹುದು ಎಂಬ ಪ್ರಶ್ನೆಯೂ ಇದರಲ್ಲಿದೆ. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಮೇಣ ಚುಚ್ಚಿ ದೇಹದ ಕೊರತೆ ತುಂಬುವ ವಿಧಾನ ತಂದರು. ಆ ಕಾಲದ ಹೆಸರಾಂತ ಸುಂದರಿ ಗ್ಲಾಡಿಸ್ ಡೀಕನ್ ತನ್ನ ಮೂಗು ಗ್ರೀಕ್ ಶಿಲ್ಪದಂತೆ ನೇರವಾಗಲಿ ಎಂದು, 20ರ ಹರೆಯದಲ್ಲಿ, ಆ ಮೇಣ ಹಾಕಿಸಿಕೊಂಡಳು. ಮೇಣ ಜಾರಿತು, ಮುಖ ಕೆಟ್ಟಿತು. ಆಕೆ ಬದುಕಿದ್ದು 1977ರವರೆಗೆ. ಹರೆಯದ ಒಂದು ನಿರ್ಧಾರಕ್ಕೆ ಆಮೇಲಿನ ಎಪ್ಪತ್ತಕ್ಕೂ ಹೆಚ್ಚು ವರ್ಷ ದಂಡ ಕಟ್ಟಬೇಕಾಯಿತು. ಕರಗಿಸಬಹುದಾದ ಜೆಲ್ ಆರಿಸುವುದೆಂದರೆ, ಮುಂದೆ ಬರುವ ನನಗೂ ಒಂದು ಮಾತು ಉಳಿಸಿಡುವುದು. ಹಾಗೆಂದು ಅದು ಪೂರ್ತಿ ಸಮಾಧಾನವೂ ಅಲ್ಲ. ಕಣ್ಣು ಹೊಸ ಮುಖಕ್ಕೆ ಬೇಗ ಒಗ್ಗಿಹೋಗಿ ಇನ್ನೂ ಸ್ವಲ್ಪ ಇರಲಿ ಎನ್ನಬಹುದು.

"ಸಹಜವಾಗಿರು" ಎನ್ನುವುದು ನನ್ನ ಮೊದಲ ವಾದವಾಗಿತ್ತು. ಆದರೆ ಹೈಸ್ಕೂಲಿನಲ್ಲಿ ಎರಡು ವರ್ಷ ಹಲ್ಲಿಗೆ ತಂತಿ ಹಾಕಿಸಿಕೊಂಡವಳು ನಾನೇ. ಅಮ್ಮ ತಿಂಗಳಿಗೊಮ್ಮೆ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸಹಜದ ಗೆರೆಯನ್ನು ನಾವೆಲ್ಲ ನಮಗೆ ಅನುಕೂಲವಾದ ಕಡೆ ಎಳೆಯುತ್ತೇವೆ.

ಆ ವಾದ ನನ್ನಲ್ಲಿ ಪೂರ್ತಿ ಬಿದ್ದುಹೋದದ್ದು ಇನ್ನೊಂದು ಇತಿಹಾಸ ಓದಿದಾಗ. ನಮ್ಮ ದೇಶದಲ್ಲಿ 2004ರಲ್ಲಿ ಎಚ್‌ಐವಿ ಇರುವವರಿಗೆ ಸರ್ಕಾರ ಉಚಿತವಾಗಿ ಔಷಧಿ ಕೊಡಲು ಶುರುಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗಿನ ಮುಖ್ಯ ಔಷಧಿಗಳಲ್ಲೊಂದು ಸ್ಟಾವುಡೀನ್. ಜೀವ ಉಳಿಸಿದ ಅದೇ ಮಾತ್ರೆ ಹಲವರ ಕೆನ್ನೆಯ ಕೊಬ್ಬನ್ನು ತಿಂದುಹಾಕಿತು. ಯಾರಿಗೂ ಹೇಳದೆ ಕಾಪಾಡಿಕೊಂಡ ಗುಟ್ಟನ್ನು ಬತ್ತಿದ ಕೆನ್ನೆಯೇ ಬೀದಿಯಲ್ಲಿ ಹೇಳಿಬಿಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿ ಕೈಬಿಡಿ ಎಂದು ಹೇಳಿದ್ದು 2009ರಲ್ಲಿ. ಅಮೆರಿಕದಲ್ಲಿ 2004ರಲ್ಲಿ ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲದ ಫಿಲ್ಲರ್‌ಗೆ ಅನುಮತಿ ಸಿಕ್ಕಿದ್ದು ಸೌಂದರ್ಯಕ್ಕಾಗಿ ಅಲ್ಲ, ಇಂಥ ಕೆನ್ನೆಗಳಿಗಾಗಿ. ಅವರನ್ನು ಹಿಡಿದು ನಿಲ್ಲಿಸಿ "ಸಹಜವಾಗಿರಿ" ಎನ್ನಲು ಯಾರಿಗೆ ಬಾಯಿ ಬರುತ್ತದೆ? ತನ್ನ ಕಷ್ಟವನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂದು ತಾನೇ ತೀರ್ಮಾನಿಸುವ ಹಕ್ಕನ್ನು ಅವರು ಆ ಸಿರಿಂಜಿನಿಂದ ವಾಪಸು ಪಡೆದರು.

ನೋಡುವವರ ಕಣ್ಣು ಬದಲಾಗಬೇಕು, ಕೆನ್ನೆಯಲ್ಲ ಎನ್ನಬಹುದು. ನಿಜ. ಆದರೆ ಸಮಾಜ ತಿದ್ದಿಕೊಳ್ಳುವವರೆಗೆ ನೀನು ಸಹಿಸಿಕೋ ಎಂದು ಇವತ್ತು ಬಸ್ಸಿನಲ್ಲಿ ಕೂತವರಿಗೆ ಹೇಳಲಾಗದು.

ಇದರ ಇನ್ನೊಂದು ಮುಖವನ್ನೂ ಅದೇ ಕ್ಲಿನಿಕ್ಕಿನಲ್ಲಿ ನೋಡಿದೆ. ಪಕ್ಕದ ಕುರ್ಚಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಮಾತಿಗೆ ಮಾತು ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿ, "ಹೀಗಾಗ್ಬೇಕು" ಎಂದಳು. ಅದು ಅವಳದೇ ಫೋಟೋ, ಫಿಲ್ಟರ್ ಹಾಕಿದ್ದು. ಅವಳ ಕೆನ್ನೆಯಲ್ಲಿ ತುಂಬಲು ಏನೂ ಇರಲಿಲ್ಲ. ಸೌಂದರ್ಯ ಈಗ ನೈತಿಕ ಆದರ್ಶವೇ ಆಗಿಬಿಟ್ಟಿದೆ ಎಂದು ಹೆದರ್ ವಿಡೋಸ್ 2018ರ ತಮ್ಮ ಪುಸ್ತಕದಲ್ಲಿ ವಾದಿಸುತ್ತಾರೆ. ಚೆನ್ನಾಗಿ ಕಾಣದಿರುವುದು ಒಂದು ತಪ್ಪಿನ ಹಾಗೆ ಕಾಡತೊಡಗುತ್ತದೆ. ನಮ್ಮ ಕಡೆ ಇದಕ್ಕೆ ಪುಸ್ತಕವೂ ಬೇಡ. ಯಾವುದೇ ಮದುವೆಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ "ಏನೇ, ಇಷ್ಟೊಂದು ಇಳಿದು ಹೋಗಿದೀಯ?" ಎಂಬ ವಿಚಾರಣೆ ಶುರುವಾಗುತ್ತದೆ. ತುಂಬಿಸಿಕೊಂಡ ಕೆನ್ನೆಗಳು ಹೆಚ್ಚಾದಷ್ಟೂ ತುಂಬಿಸಿಕೊಳ್ಳದವರು ಉತ್ತರ ಕೊಡಬೇಕಾದ ಪ್ರಶ್ನೆಗಳೂ ಹೆಚ್ಚುತ್ತವೆ. ಅಕ್ಕನ ನಿರ್ಧಾರದ ಬೆಲೆಯಲ್ಲಿ ಒಂದು ಪಾಲು ಆ ಹುಡುಗಿಯದು, ಒಂದು ಪಾಲು ಹತ್ತು ವರ್ಷದ ನಂತರದ ನನ್ನದು. ಅದಕ್ಕಾಗಿ ಅಕ್ಕನನ್ನು ತಡೆಯಬೇಕು ಎನ್ನುವಷ್ಟು ಧೈರ್ಯ ನನಗಿಲ್ಲ; ಆ ಬೆಲೆ ಇಲ್ಲವೇ ಇಲ್ಲ ಎನ್ನಲೂ ಆಗುವುದಿಲ್ಲ.

ನಮ್ಮ ಮುಖವನ್ನು ನಾವು ನೇರವಾಗಿ ನೋಡಲಾರೆವು. ದಿನವಿಡೀ ಅದನ್ನು ನೋಡುವವರು ಬೇರೆಯವರು. ಅಷ್ಟರ ಮಟ್ಟಿಗೆ ಅಕ್ಕನ ಮುಖದಲ್ಲಿ ನನಗೂ ಪಾಲಿದೆ ಎಂದೇ ಈಗಲೂ ನಂಬಿದ್ದೇನೆ. ಆದರೆ ಆ ಮುಖ ಹೊತ್ತು ಬೆಳಗ್ಗೆ ಕನ್ನಡಿಯ ಮುಂದೆ ನಿಲ್ಲಬೇಕಾದವಳು ಅವಳು.

ವೈದ್ಯೆ ಅಂದು ಏನೂ ಮಾಡಲಿಲ್ಲ. "ಎರಡು ವಾರ ಯೋಚನೆ ಮಾಡಿ ಬನ್ನಿ" ಎಂದು ಕಳಿಸಿದರು. ವಾಪಸು ಬರುವಾಗ ಅಕ್ಕ, "ನಿನಗೆ ಬೇಡ ಅನ್ಸಿದ್ರೆ ಬಿಟ್ಬಿಡ್ತೀನಿ" ಎಂದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. "ನಾನೂ ಜೊತೆಗೆ ಬರ್ತೀನಿ" ಎಂದಷ್ಟೇ ಹೇಳಿದೆ.

ಮನೆಗೆ ಬಂದು ಅವಳು ಬೀರುವಿನಿಂದ ಒಂದು ಹಳೇ ಫೋಟೋ ತೆಗೆದಳು. ಮಾವನ ಮದುವೆಯದು. ಅಮ್ಮನಿಗೆ ಆಗ ನಲವತ್ತರ ಆಸುಪಾಸು. ಕೆನ್ನೆ ತುಂಬಿಕೊಂಡು, ಯಾರದೋ ಮಾತಿಗೆ ನಗುತ್ತಿದ್ದಾಳೆ. "ಇದೂ ಅಮ್ಮನೇ ಅಲ್ವೇನೆ?" ಎಂದಳು ಅಕ್ಕ. ಆರು ವರ್ಷದಿಂದ ನಾನು ಆ ಅಮ್ಮನನ್ನು ನೆನೆಸಿಕೊಂಡೇ ಇರಲಿಲ್ಲ.