ಆರದ ದೀಪದ ಸಾಕ್ಷ್ಯ

ಮಾರುವ ವಸ್ತುವಿನ ದೋಷವನ್ನು ಕೊಳ್ಳುವವನಿಗೆ ಹೇಳದಿರುವುದು ಸುಳ್ಳಾದೀತೇ ಎಂಬ ಪ್ರಶ್ನೆ ಬಹಳ ಹಳೆಯದು. ಹಳೆಯ ಮೋಟಾರು ಗಾಡಿಯ ಒಂದು ಸಣ್ಣ ಕೆಂಪು ದೀಪವು ಅದನ್ನೇ ಹೊಸದಾಗಿ ಕೇಳುತ್ತದೆ.

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳನ್ನು ಕಂಡ ಬೆಂಗಳೂರಿನಲ್ಲಿ ದೀಪ ಹತ್ತುವುದೇ ಮಂಗಳ. ಈ ದೀಪವಾದರೋ ಹತ್ತಿ ಆರಿದರೆ ಮಾತ್ರ ಮಂಗಳ. ಚಾಮರಾಜಪೇಟೆಯ ಗೃಹಸ್ಥನೊಬ್ಬನು ತಂದೆಯ ಕಾಲದ ಅಂಬಾಸಿಡರ್ ಗಾಡಿಯನ್ನು ಮಾರಹೊರಟಿದ್ದಾನೆಂದು ಭಾವಿಸಬಹುದು. ಎಂಜಿನ್ನು ನಡೆಯುತ್ತಿದ್ದರೂ ದೀಪ ಆರದು. ಕೊಳ್ಳುವವನು ಸಂಜೆ ಬರುತ್ತಾನೆ. "ಆ ದೀಪದ ತಂತಿಯನ್ನು ಕಳಚಿಬಿಡಪ್ಪ, ಗಾಡಿ ಓಡುತ್ತದಲ್ಲ!" ಎಂದು ಅವನು ಮೆಕ್ಯಾನಿಕ್ಕನಿಗೆ ಹೇಳುತ್ತಾನೆ.

ಆ ದೀಪವು ಹೇಳುವುದಾದರೂ ಏನು? ಅದರ ಒಂದು ಕೊನೆ ಕೀಲಿಯ ಮೂಲಕ ಬ್ಯಾಟರಿಗೂ, ಇನ್ನೊಂದು ಕೊನೆ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಕ್ಕೂ ಸೇರಿರುತ್ತವೆ. ಕೀಲಿ ತಿರುಗಿಸಿದೊಡನೆ ದೀಪ ಹತ್ತುತ್ತದೆ. ಯಂತ್ರವು ವಿದ್ಯುತ್ತನ್ನು ಕೊಡತೊಡಗಿದಾಗ ಎರಡು ಕಡೆಯ ಒತ್ತಡವೂ ಸಮನಾಗಿ ಆರುತ್ತದೆ. ಆದುದರಿಂದ ಆರದ ದೀಪವು ಬ್ಯಾಟರಿ ಕೆಟ್ಟಿತೆಂದು ಹೇಳುವುದಿಲ್ಲ. ಸಮತೆ ಇಲ್ಲವೆಂದಷ್ಟೇ ಹೇಳುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನೂ ಉರಿಯುವ ಕಟ್ಟಿಗೆ ಯಾವುದೆಂದು ಹೊಗೆಯಿಂದಲೇ ಹೇಳಲಾರನು. ಹಾಗಿದ್ದೂ ಅನೇಕರು ಜೆ. ಸಿ. ರಸ್ತೆಯ ಅಂಗಡಿಗಳಿಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ಬೇಗನೆ ಅದೂ ಬರಿದಾಗುತ್ತದೆ. ವಿವೇಕಿಯು ಮೊದಲು ಬೆಲ್ಟನ್ನು ನೋಡುತ್ತಾನೆ. ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ ಅದು ತುಂಡಾಗಿದ್ದರೆ ಎಂಜಿನ್ನೇ ಕಾದು ಕೆಡುತ್ತದೆ. ಅನಂತರ ತಂತಿಗಳ ಬಿಗಿ, ಕಡೆಗೆ ವೋಲ್ಟ್ ಮೀಟರು. ಎಂಜಿನ್ನು ನಿಂತಿರುವಾಗ ಸುಮಾರು 12.6 ವೋಲ್ಟು ಇದ್ದುದು ವೇಗ ಏರಿಸಿದಾಗ 14ರ ಸಮೀಪಕ್ಕೆ ಬಾರದಿದ್ದರೆ ಡೈನಮೋವನ್ನೂ ರೆಗ್ಯುಲೇಟರನ್ನೂ ಶಂಕಿಸಬೇಕು.

ಇನ್ನು ತಂತಿ ಕಳಚುವ ಮಾತು. ಆಲ್ಟರ್ನೇಟರ್ ಇರುವ ಹಲವು ಗಾಡಿಗಳಲ್ಲಿ ಈ ದೀಪದ ಮೂಲಕ ಹರಿಯುವ ಅಲ್ಪ ಪ್ರವಾಹವೇ ಯಂತ್ರವನ್ನು ಮೊದಲು ಎಚ್ಚರಿಸುತ್ತದೆ. ದೀಪವನ್ನು ಕಿತ್ತರೆ ವಿದ್ಯುತ್ತೇ ಹುಟ್ಟದೆ ಹೋಗಬಹುದು. ಸುಳ್ಳಿಗೆ ಒಡನೆಯೇ ಶಿಕ್ಷೆಯಾಯಿತೆಂದು ನೀತಿಬೋಧಕನು ಹಿಗ್ಗಬಹುದು. ಆದರೆ ಆ ಹಿಗ್ಗು ಅವಸರದ್ದು. ಹಳೆಯ ಡೈನಮೋ ಗಾಡಿಗಳಲ್ಲಿ ಕಬ್ಬಿಣದೊಳಗೆ ಉಳಿದ ಕಾಂತಶಕ್ತಿಯೇ ಆ ಕೆಲಸಕ್ಕೆ ಸಾಕು; ಅಲ್ಲಿ ದೀಪವು ಬರಿಯ ಸಾಕ್ಷಿ. ಅದನ್ನು ಕಿತ್ತರೆ ಯಂತ್ರಕ್ಕೆ ನಷ್ಟವಿಲ್ಲ. ಹಾಗಾದರೆ ಅದು ತಪ್ಪಲ್ಲವೆನ್ನಬಹುದೆ?

ಯಂತ್ರಕ್ಕೆ ನಷ್ಟವಿಲ್ಲದಿದ್ದರೂ ನಂಬಿದವನಿಗೆ ನಷ್ಟವಿದೆ. ಮೌನವೂ ನಿರ್ದೋಷವಲ್ಲ, ಆದರೆ ಅದು ಕೊಳ್ಳುವವನ ಕಣ್ಣನ್ನು ಕಟ್ಟುವುದಿಲ್ಲ. ದೀಪವನ್ನು ನಂದಿಸಿದವನಾದರೋ, ಎಲ್ಲವೂ ಸರಿಯೆಂದು ಗಾಡಿಯ ಬಾಯಿಂದಲೇ ಹೇಳಿಸುತ್ತಾನೆ. ನಡುರಾತ್ರಿಯ ದಾರಿಯಲ್ಲಿ ಗಾಡಿಯ ಮುಂದೀಪಗಳು ಮಂಕಾಗುವಾಗ ಆ ಮಾತಿಗೆ ಬೆಲೆ ತೆರುವವರು ಅನ್ಯರ ಹೆಂಡಿರು ಮಕ್ಕಳು.

ಬಲ್ಲವನು ಎಂಜಿನ್ನನ್ನು ನಡೆಸುವ ಮೊದಲು ಕೀಲಿ ತಿರುಗಿಸಿ, ದೀಪ ಹತ್ತುವುದೇ ಎಂದು ನೋಡುತ್ತಾನೆ. ಎಂದೂ ಹತ್ತದ ದೀಪ ಕ್ಷೇಮದ ಗುರುತಲ್ಲ. ಎಂದೂ ಚುಚ್ಚದ ಅಂತಃಸಾಕ್ಷಿಯ ವಿಷಯದಲ್ಲಿಯೂ ಈ ಪರೀಕ್ಷೆ ಸಲ್ಲುತ್ತದೆ.